ಮಾವ ಇಳಿಸಿದ ಹಾಪ್ಸ್ ಬಳ್ಳಿ

ಆಗೋದಿಲ್ಲ ಅಂದವನು ನನ್ನ ಸೋದರಮಾವ. ಅಮ್ಮನ ಅಣ್ಣ. ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದ ಹತ್ತಿರ ಎಲೆತೋಟ ಮಾಡಿಕೊಂಡಿರುವವನು, ವೀಳ್ಯದೆಲೆ ಬಿಟ್ಟರೆ ಬೇರೆ ಯಾವ ಬಳ್ಳಿಯನ್ನೂ ಬಳ್ಳಿ ಎಂದು ಒಪ್ಪದವನು. ತುಮಕೂರಿನ ಶೆಟ್ಟಿಹಳ್ಳಿಯ ನಮ್ಮ ಮನೆಯ ಹಿತ್ತಲಲ್ಲಿ ನಾನು ನಾಲ್ಕು ಬೇರಿನ ತುಂಡುಗಳನ್ನು ನೆಡುತ್ತಿದ್ದೆ. ಮಾವ ಅವುಗಳನ್ನು ಕಾಲಿನ ಹೆಬ್ಬೆರಳಲ್ಲಿ ತೋರಿಸಿ, "ಈ ಮಣ್ಣಾಗೆ ಇದು ಬರಲ್ಲ, ಈ ಮನೆಗೆ ಡಿಗ್ರಿ ಬರಲ್ಲ. ಬೇಕಾರೆ ಬರ್ದಿಟ್ಕೊ" ಅಂದ.

ನಾನು ಬರೆದಿಟ್ಟುಕೊಂಡೆ. ಪ್ರಾಜೆಕ್ಟ್ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ, ತಾರೀಖು ಹಾಕಿ.

ಅವನು ಹಾಗೆ ಹೇಳುವುದಕ್ಕೆ ಕಾರಣ ಇಲ್ಲದೆ ಇರಲಿಲ್ಲ. ಅಪ್ಪ ಗಾರೆ ಕೆಲಸದವರು, ಸಹಿ ಹಾಕುವ ಕಡೆಯೆಲ್ಲ ಹೆಬ್ಬೆಟ್ಟು. ಅಮ್ಮ ಗಾರ್ಮೆಂಟ್ಸ್‌ಗೆ ಹೋಗುವವಳು. ಎರಡು ಕಡೆಯ ವಂಶದಲ್ಲೂ ಎಸ್ಸೆಸ್ಸೆಲ್ಸಿ ದಾಟಿದವರು ಇರಲಿಲ್ಲ. ನಾನು ದಾಟಿದೆ, ಪಿಯುಸಿಯ ಕೆಮಿಸ್ಟ್ರಿಯಲ್ಲಿ ಬಿದ್ದೆ. ಆಮೇಲೆ ನಾಲ್ಕು ವರ್ಷ ಕೋರದ ಹತ್ತಿರದ ಒಂದು ನರ್ಸರಿಯಲ್ಲಿ ಸಸಿಗಳಿಗೆ ಕವರ್ ತುಂಬಿದೆ. ಆ ಕೆಮಿಸ್ಟ್ರಿಯನ್ನು ಅಲ್ಲಿಂದಲೇ ಕಟ್ಟಿ ಪಾಸು ಮಾಡಿ, ತುಮಕೂರಿನ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ. ಸೇರಿದಾಗ ನನ್ನ ಕ್ಲಾಸಿನವರು ನನ್ನನ್ನು ಅಕ್ಕ ಅನ್ನುತ್ತಿದ್ದರು. ಬೆಳಿಗ್ಗೆ ನರ್ಸರಿ, ಆಮೇಲೆ ಕಾಲೇಜು. ಅಟೆಂಡೆನ್ಸ್ ಯಾವಾಗಲೂ ಕಡಿಮೆ.

ಕೊನೆಯ ವರ್ಷ ಬಾಟನಿ ಮೇಡಂ ಪ್ರಾಜೆಕ್ಟ್ ಹಂಚಿದರು. ಒಬ್ಬರಿಗೆ ರಾಗಿ, ಒಬ್ಬರಿಗೆ ತೆಂಗಿನ ಸುಳಿ ಕೊಳೆ, ಒಬ್ಬರಿಗೆ ನುಗ್ಗೆ. ನನ್ನ ಸರದಿ ಬಂದಾಗ ಅವರು ಪ್ರಯೋಗಾಲಯದ ಫ್ರಿಜ್‌ನಿಂದ ಒದ್ದೆ ಪೇಪರಿನಲ್ಲಿ ಸುತ್ತಿದ ಒಂದು ಪೊಟ್ಟಣ ತೆಗೆದು ಕೊಟ್ಟರು. ಹಾಪ್ಸ್ ಅಂದರು. ಹಿಮಾಚಲದ ಲಾಹೌಲ್ ಕಡೆಯಿಂದ ಪರಿಚಯದವರು ಕಳಿಸಿದ್ದಾರೆ, ಬೀರಿಗೆ ಕಹಿ ಮತ್ತು ಪರಿಮಳ ಕೊಡುವ ಹೂವು ಇದರದು, ತಣ್ಣನೆಯ ಊರಿನ ಗಿಡ. ಮನೆಯ ಹಿತ್ತಲಲ್ಲಿ ಬೆಳೆಸಬೇಕು, ಹೂ ಬಿಡಿಸಬೇಕು, ಕೊಯ್ದು ಒಣಗಿಸಿ ಜುಲೈನ ವೈವಾಕ್ಕೆ ತರಬೇಕು.

ನನಗೆ ಮೊದಲು ಬಂದ ಯೋಚನೆ ಇದು: ನನ್ನನ್ನು ಬೀಳಿಸುವುದಕ್ಕೇ ಕೊಟ್ಟಿದ್ದಾರೆ. ಅಟೆಂಡೆನ್ಸ್ ಇಲ್ಲದವಳಿಗೆ ಬೆಳೆಯದ ಗಿಡ. ಮೇಡಂ ಒಳ್ಳೆಯವರೆಂದು ಎಲ್ಲರೂ ಹೇಳುತ್ತಾರೆ. ಇರಬಹುದು. ಆ ಅನುಮಾನ ಇವತ್ತಿಗೂ ಪೂರ್ತಿ ಹೋಗಿಲ್ಲ. ಪ್ರಾಜೆಕ್ಟ್ ಬಿದ್ದರೆ ಡಿಗ್ರಿ ಇನ್ನೊಂದು ವರ್ಷಕ್ಕೆ ಹೋಗುತ್ತಿತ್ತು. ಇನ್ನೊಂದು ವರ್ಷ ಓದುತ್ತೇನೆ ಅಂತ ಮನೆಯಲ್ಲಿ ಕೇಳುವ ಬಾಯಿ ನನಗಿರಲಿಲ್ಲ.

ಡಿಸೆಂಬರ್ ಕೊನೆಯಲ್ಲಿ ನೆಟ್ಟೆ. ಮೂರು ವಾರಕ್ಕೆ ಕೆಂಪು ಮೂತಿಯ ಚಿಗುರು ಬಂತು. ನಾಲ್ಕು ತೆಂಗಿನ ನಾರಿನ ಹಗ್ಗವನ್ನು ನೆಲಕ್ಕೆ ಗೂಟ ಹೊಡೆದು ತಾರಸಿಯ ಕಂಬಿಗೆ ಕಟ್ಟಿದೆ. ಬಳ್ಳಿ ಹಗ್ಗ ಹಿಡಿಯುವಷ್ಟು ಉದ್ದವಾದ ಮೇಲೆ ಒಂದು ತೊಂದರೆ ಶುರುವಾಯಿತು. ದಿನಾ ಬೆಳಿಗ್ಗೆ ಎದ್ದು ನೋಡಿದರೆ ಬಳ್ಳಿ ಹಗ್ಗ ಬಿಟ್ಟು ಜೋತುಬಿದ್ದಿರುತ್ತಿತ್ತು. ಸಂಜೆ ಸುತ್ತಿದ್ದು ಬೆಳಿಗ್ಗೆಗೆ ಬಿಚ್ಚಿರುತ್ತಿತ್ತು. ಯಾರೋ ಬಂದು ಬಿಚ್ಚುತ್ತಿದ್ದಾರೆ ಅಂದುಕೊಂಡೆ. ಪಕ್ಕದ ಮನೆಯ ನಿವೃತ್ತ ಗುಮಾಸ್ತರ ಮೇಲೆ ಕಣ್ಣಿಟ್ಟೆ. ಅವರು ವಾಕಿಂಗ್ ಮುಗಿಸಿ ಕಾಂಪೌಂಡಿನ ಮೇಲೆ ಗಲ್ಲ ಊರಿಕೊಂಡು ನಮ್ಮ ಹಿತ್ತಲನ್ನೇ ನೋಡುತ್ತಾ ನಿಲ್ಲುವವರು. ಗುರುತಿಗೆ ಅಂತ ಬಳ್ಳಿಗೂ ಹಗ್ಗಕ್ಕೂ ಸೇರಿಸಿ ಕೆಂಪು ದಾರ ಕಟ್ಟಿದೆ. ದಾರ ಹಾಗೇ ಇತ್ತು, ಬಳ್ಳಿ ಮಾತ್ರ ಬಿಚ್ಚಿಕೊಂಡಿತ್ತು.

ಆಮೇಲೆ ಗೊತ್ತಾಯಿತು. ದಿನಾ ಸಂಜೆ ಅಮ್ಮ ಅದನ್ನು ಅವರೆ ಬಳ್ಳಿ ಸುತ್ತಿದ ಹಾಗೆ ಸುತ್ತುತ್ತಿದ್ದಳು. ಅವರೆ ಹೋಗುವುದು ಎಡಸುತ್ತು. ಹಾಪ್ಸ್ ಪ್ರದಕ್ಷಿಣೆ ಹಾಕುವ ಬಳ್ಳಿ, ಗುಡಿ ಸುತ್ತಿದ ಹಾಗೆ. ಉಲ್ಟಾ ಸುತ್ತಿದರೆ ತಾನೇ ಬಿಚ್ಚಿಕೊಳ್ಳುತ್ತದೆ. ಅಮ್ಮನಿಗೆ ತೋರಿಸಿಕೊಟ್ಟ ಮೇಲೆ ಅವಳು ಅದಕ್ಕೆ ಒಂದು ಥರ ಮರ್ಯಾದೆ ಕೊಡೋಕೆ ಶುರುಮಾಡಿದಳು. ಗುಮಾಸ್ತರ ಮೇಲಿನ ಅನುಮಾನವನ್ನು ಮಾತ್ರ ನಾನು ಬಿಡಲಿಲ್ಲ. ಬಿಡದೆ ಇದ್ದದ್ದು ಸರಿಯಾಗಿಯೇ ಆಯಿತು.

ಏನೆಂದರೆ, ನಮ್ಮ ಕಡೆ ಹಗಲು ಚಿಕ್ಕದು. ಹಾಪ್ಸ್‌ಗೆ ಉದ್ದ ಹಗಲು ಬೇಕು. ಇಲ್ಲದಿದ್ದರೆ ಮೊಣಕಾಲುದ್ದಕ್ಕೇ ನಿಂತು ಎರಡು ಹೂ ಬಿಟ್ಟು ಸುಮ್ಮನಾಗುತ್ತದೆ. ಅದಕ್ಕೆ ಮೇಡಂ ಸಂಜೆಯಿಂದ ಮೂರು ಗಂಟೆ ಬಲ್ಬ್ ಹಾಕಿ ಗಿಡವನ್ನು ನಂಬಿಸು ಅಂದಿದ್ದರು. ಒಡೆದ ಪ್ಲಾಸ್ಟಿಕ್ ಬಕೆಟ್ಟನ್ನು ಬೋರಲು ಹಾಕಿ, ಒಳಗೆ ಎಲ್ಇಡಿ ಬಲ್ಬ್ ಕಟ್ಟಿ ತೂಗಿಬಿಟ್ಟೆ. ಹಿತ್ತಲಲ್ಲಿ ಗಿಡಕ್ಕೆ ಲೈಟು ಅಂದರೆ ಬೀದಿಗೆ ಬೇರೆ ಕೆಲಸ ಬೇಕೇ. ಏನು ಗಿಡ ಅಂತ ಕೇಳಿದವರಿಗೆ ನಾನು ಔಷಧಿ ಗಿಡ ಅಂದೆ. ಬೀರಿನ ಹೂವು ಅಂದರೆ ಅಮ್ಮ ತಲೆ ಎತ್ತಿಕೊಂಡು ಓಡಾಡೋ ಹಾಗಿರಲಿಲ್ಲ, ಅದಕ್ಕೆ ಸುಳ್ಳು ಹೇಳಿದೆ. ಅದು ನನ್ನ ತಪ್ಪು. ಗುಮಾಸ್ತರು ಕಾಂಪೌಂಡಿನಾಚೆಯಿಂದಲೇ ಎಲೆಯ ಫೋಟೊ ಹೊಡೆದು ಫೋನಿಗೆ ಕೇಳಿದ್ದಾರೆ. ಫೋನು, ಇದು ಗಾಂಜಾದ ಕುಟುಂಬಕ್ಕೆ ಸೇರಿದ್ದು ಅಂದಿದೆ. ಅದು ನಿಜವೇ. ಕುಟುಂಬ ಒಂದೇ, ಗುಣ ಬೇರೆ. ನಮ್ಮ ಬೀದಿ ಮೊದಲರ್ಧ ಮಾತ್ರ ಕೇಳಿಸಿಕೊಂಡಿತು.

ಒಂದು ಮಧ್ಯಾಹ್ನ ಪೊಲೀಸಿನವರೊಬ್ಬರು ಬಂದರು. ಎಲೆ ಹಿಡಿದು ನೋಡಿದರು, ಮೂಸಿದರು, ತಿರುಗಿಸಿ ನೋಡಿದರು. ಹಾಗಲದ ಎಲೆ ಇದ್ದ ಹಾಗಿದೆಯಲ್ಲ ಅಂದರು. ಕಾಲೇಜಿನ ಪತ್ರ ಕೊಟ್ಟೆ. ಎರಡು ಸಲ ಓದಿ, ಫೋನಿನಲ್ಲಿ ಪತ್ರದ ಫೋಟೊ ತೆಗೆದುಕೊಂಡು ಹೋದರು. ಅವತ್ತಿನಿಂದ ಅಮ್ಮ ಗಾರ್ಮೆಂಟ್ಸ್ ಬಸ್ಸಿಗೆ ಹಿಂದಿನ ಬೀದಿಯಿಂದ ಹೋಗೋಳು. ನಾನೂ ಯಾರನ್ನೂ ನಂಬುವುದು ಬಿಟ್ಟೆ. ಹಾಲಿನವನು ನಿಂತರೆ ಯಾಕೆ ನಿಂತ, ಮೀಟರ್ ರೀಡರ್ ಹಿತ್ತಲ ಕಡೆ ತಿರುಗಿದರೆ ಯಾಕೆ ತಿರುಗಿದ. ಗುಮಾಸ್ತರ ಹೆಂಡತಿ ಒಂದು ದಿನ, ಪಂಚೆ ಉಟ್ಟ ಯಾರೋ ವಯಸ್ಸಾದವರು ನೀವಿಲ್ಲದಾಗ ಬಂದು ತುಂಬಾ ಹೊತ್ತು ಬಳ್ಳಿ ನೋಡಿಕೊಂಡು ನಿಂತಿದ್ದರು, ಮುಟ್ಟಿಯೂ ನೋಡಿದರು ಅಂತ ಹೇಳಿದರು. ಯಾರಿರಬಹುದು ಅಂತ ಮೂರು ದಿನ ತಲೆ ಕೆಡಿಸಿಕೊಂಡೆ. ಮಫ್ತಿ ಪೊಲೀಸ್ ಅನ್ನುವಲ್ಲಿಗೆ ಬಂದು ನಿಂತೆ.

ಬಳ್ಳಿ ಇದ್ಯಾವುದನ್ನೂ ಗಮನಿಸದೆ ಬೆಳೆಯಿತು. ಏಪ್ರಿಲ್ ಹೊತ್ತಿಗೆ ತಾರಸಿಯ ಕಂಬಿ ಮುಟ್ಟಿತ್ತು. ದಿನಕ್ಕೆ ನನ್ನ ಅಂಗೈ ಅಗಲ ಏರಿದ್ದನ್ನು ನಾನೇ ಅಳೆದಿದ್ದೇನೆ. ಕಾಂಡದ ಮೇಲೆ ಕಣ್ಣಿಗೆ ಕಾಣದ ಕೊಕ್ಕೆಗಳಿರುತ್ತವೆ, ಹಗ್ಗ ಹಿಡಿಯುವುದು ಅವುಗಳಿಂದಲೇ. ತೋಳು ತಗುಲಿದರೆ ಬೆಕ್ಕು ಪರಚಿದ ಹಾಗೆ ಕೆಂಪು ಗೀರು ಏಳುತ್ತದೆ, ಎರಡು ದಿನ ನವೆ. ನನ್ನ ಮೊಣಕೈ ಕೆಳಗೆ ಯಾವಾಗಲೂ ಗೀರು. ಏಪ್ರಿಲ್ ಮುಗಿಯುತ್ತಲೇ ಲೈಟು ಆರಿಸಿದೆ. ಹಗಲು ಚಿಕ್ಕದಾಯಿತೆಂದು ಗಿಡಕ್ಕೆ ಗೊತ್ತಾಗಬೇಕು, ಆಗ ಹೂವಿಗೆ ತಿರುಗುತ್ತದೆ. ಮೇ ನಡುವೆ ಗೆಣ್ಣುಗಳಲ್ಲಿ ಮುಳ್ಳುಮುಳ್ಳಾದ ಸಣ್ಣ ಮೊಗ್ಗು ಕಂಡಿತು. ಎಣಿಸಲು ಹೋಗಿ ಬಿಟ್ಟೆ. ದೃಷ್ಟಿಯಾಗುತ್ತೆ ಅಂತ ಅಮ್ಮ ಗದರಿದಳು.

ಅದೇ ವಾರ ಕುಣಿಗಲ್‌ನಲ್ಲಿ ನನ್ನ ಅಕ್ಕನಿಗೆ ಹೆರಿಗೆಯಾಯಿತು. ಅಪ್ಪ ಅಮ್ಮ ಮೊದಲೇ ಹೋಗಿದ್ದರು. ನಾನು ಬಳ್ಳಿಗೆ ನೀರು ಕಟ್ಟಿ, ಮನೆಗೆ ಬೀಗ ಹಾಕಿ, ನಾಲ್ಕು ದಿನಕ್ಕೆ ಅಂತ ಹೋದೆ. ಹಿತ್ತಲಿಗೆ ಬಾಗಿಲಿಲ್ಲ, ತಡಿಕೆ ಮಾತ್ರ. ಮಗುವನ್ನು ಎತ್ತಿಕೊಂಡು ಕೂತಾಗಲೂ ನನಗೆ ತಡಿಕೆಯದೇ ಯೋಚನೆ.

ವಾಪಸ್ಸು ಒಬ್ಬಳೇ ಬಂದೆ. ಹಿತ್ತಲಿಗೆ ಕಾಲಿಟ್ಟಾಗ ಮೊದಲು ಕಂಡದ್ದು ಖಾಲಿ ಹಗ್ಗ. ನಾಲ್ಕರಲ್ಲಿ ಮೂರು ಬಳ್ಳಿ ಮೇಲಿರಲಿಲ್ಲ. ಕತ್ತರಿಸಿರಲಿಲ್ಲ. ಹಗ್ಗದಿಂದ ಬಿಡಿಸಿ, ಕೆಳಗಿಳಿಸಿ, ಬುಡದ ಸುತ್ತ ಸಿಂಬಿಯ ಹಾಗೆ ಸುತ್ತಿ ಮಣ್ಣಲ್ಲಿ ಹೂತಿದ್ದರು. ತುದಿಯ ಎರಡು ಅಡಿಯನ್ನು ಮಾತ್ರ ಮೇಲೆ ಬಿಟ್ಟು, ಬಾಳೆ ನಾರಿನಲ್ಲಿ ಮತ್ತೆ ಹಗ್ಗಕ್ಕೆ ಕಟ್ಟಿದ್ದರು. ಹೂತ ಮಣ್ಣು ನಮ್ಮ ಹಿತ್ತಲಿನ ಕೆಂಪು ಮಣ್ಣಲ್ಲ. ಕಪ್ಪು, ಜಿಗುಟು. ಕೆರೆಗೋಡು. ಕೆರೆಯ ತಳದ ಹೂಳು ಶೆಟ್ಟಿಹಳ್ಳಿಯಲ್ಲಿ ಎಲ್ಲಿಂದ ಬರಬೇಕು? ನನ್ನ ಮೊಗ್ಗುಗಳಲ್ಲಿ ಮುಕ್ಕಾಲು ಪಾಲು ಆ ಗೋಡಿನ ಅಡಿಯಲ್ಲಿತ್ತು.

ಕೂತು ಅತ್ತೆ ಅಂತ ಬರೆದರೆ ಸುಳ್ಳಾಗುತ್ತದೆ. ಕೈ ತೊಳೆದುಕೊಂಡು ಬಸ್ ಸ್ಟ್ಯಾಂಡಿಗೆ ಹೋದೆ. ಕೆರೆಗೋಡು, ಬಾಳೆ ನಾರು, ಪಂಚೆ ಉಟ್ಟ ವಯಸ್ಸಾದವರು. ಗುಬ್ಬಿವರೆಗೆ ಒಂದು ಬಸ್ಸು, ಅಲ್ಲಿಂದ ಸಿ.ಎಸ್. ಪುರಕ್ಕೆ ಇನ್ನೊಂದು. ಎರಡೂ ಬಸ್ಸಿನಲ್ಲಿ ಕೂತು ಏನು ಅನ್ನಬೇಕೆಂದು ಜೋಡಿಸಿಕೊಂಡೆ. ಡಿಗ್ರಿ ಬರಲ್ಲ ಅಂದಿದ್ದ, ಬರೋ ಹಾಗೆ ಕಂಡಿತು, ಹೊಟ್ಟೆಕಿಚ್ಚಿಗೆ ಬಂದು ಕೆಡವಿದ. ನನ್ನ ಲೆಕ್ಕ ಅಷ್ಟೇ.

ಮಾವ ತೋಟದ ಬದುವಿನ ಮೇಲೆ ಕೂತು ಎಲೆ ಜೋಡಿಸಿ ಕಟ್ಟು ಕಟ್ಟುತ್ತಿದ್ದ. ನನ್ನ ಕಣ್ಣು ನೇರ ಅವನ ತೋಳಿಗೆ ಹೋಯಿತು. ಎರಡೂ ತೋಳಿನ ಮೇಲೆ ಕೆಂಪು ಗೀರು, ಸಾಲುಸಾಲು. ವೀಳ್ಯದೆಲೆ ಪರಚುವುದಿಲ್ಲ. ನನ್ನ ತೋಳನ್ನು ಅವನ ತೋಳಿನ ಪಕ್ಕಕ್ಕೆ ಹಿಡಿದು, ಇದು ಹೇಗಾಯ್ತು ಅಂತ ಕೇಳಿದೆ.

ಅವನು ಮುಚ್ಚಿಡಲಿಲ್ಲ. "ನಿನ್ ಬಳ್ಳಿ ಇಳಿಸ್ದೆ. ಮೂರ್ ದಿನದಿಂದ ನವೆ. ಎಂಥ ದರಿದ್ರದ ಬಳ್ಳಿ ಸಾಕಿದಿಯೇ" ಅಂದ.

ನಾನು ಬಸ್ಸಿನಲ್ಲಿ ಜೋಡಿಸಿಕೊಂಡದ್ದನ್ನೆಲ್ಲ ಅಂದುಬಿಟ್ಟೆ. ಪಕ್ಕದ ತೋಟದಲ್ಲಿ ಮಡಕೆಯಲ್ಲಿ ನೀರು ಹೊಯ್ಯುತ್ತಿದ್ದವರು ಕೆಲಸ ನಿಲ್ಲಿಸಿ ಕೇಳಿಸಿಕೊಂಡರು. ಮಾವ ಎಲೆ ಜೋಡಿಸುತ್ತಲೇ ಇದ್ದ. ಕೊನೆಗೆ ನಾನು, ಬರಲ್ಲ ಅಂತ ಹೇಳಿದವನು ನೀನೇ ಅಲ್ಲವಾ ಅಂದೆ.

"ಬರಲ್ಲ ಅಂದೆ. ಸಾಯ್ಲಿ ಅಂದ್ನ?" ಅಂದ. ಕಟ್ಟಿದ ಕಟ್ಟನ್ನು ಪಕ್ಕಕ್ಕಿಟ್ಟು ಮುಂದುವರಿಸಿದ. "ಕಂಬಿ ದಾಟಿ ತಲೆ ತೂಗ್ತಿತ್ತು. ಬುಡದಾಗೆ ಎಲೆ ಹಣ್ಣಾಗಿತ್ತು. ನೋಡ್ಕಂಡು ಸುಮ್ನೆ ಬಂದ್ಬುಡಕಾಯ್ತದ?"

ಎಲೆತೋಟದವರಿಗೆ ಅದು ವರ್ಷಕ್ಕೊಂದು ಸಲ ಮಾಡುವ ಕೆಲಸ. ವೀಳ್ಯದ ಬಳ್ಳಿ ಆಸರೆ ಮರದ ತುದಿಗೆ ಹೋದ ಮೇಲೆ ಎಲೆ ಸಣ್ಣಗಾಗುತ್ತದೆ. ಆಗ ಅದನ್ನು ಬಿಡಿಸಿ ಇಳಿಸಿ, ಬುಡದಲ್ಲಿ ಸುತ್ತಿ, ಗೋಡು ಮುಚ್ಚಿ, ತುದಿಯನ್ನು ಮಾತ್ರ ಮತ್ತೆ ಮರಕ್ಕೆ ಕಟ್ಟುತ್ತಾರೆ. ಹೂತ ಗೆಣ್ಣುಗಳಲ್ಲಿ ಬೇರೊಡೆದು ಬಳ್ಳಿಗೆ ಹೊಸ ಜೀವ ಬರುತ್ತದೆ. ಮಾವ ಒಮ್ಮೆ ನಮ್ಮ ಮನೆಗೆ ತೆಂಗಿನಕಾಯಿ ಕೊಡಲು ಬಂದು, ಬೀಗ ಕಂಡು, ಬಳ್ಳಿ ನೋಡಿದ್ದಾನೆ. ಮಫ್ತಿ ಪೊಲೀಸ್ ಅವನೇ. ಊರಿಗೆ ಹೋದ ಮೇಲೂ ಅವನಿಗೆ ಅದು ಮರೆತಿಲ್ಲ. ಎರಡನೇ ಸಲ ಒಂದು ಚೀಲ ಕೆರೆಗೋಡು ಹೊತ್ತು ಬಸ್ಸು ಹತ್ತಿದ್ದಾನೆ, ಕಂಡಕ್ಟರ್ ಹತ್ತಿರ ಜಗಳವಾಡಿದ್ದಾನೆ, ಮಧ್ಯಾಹ್ನದ ಬಿಸಿಲಲ್ಲಿ ಒಬ್ಬನೇ ಮೂರು ಬಳ್ಳಿ ಇಳಿಸಿದ್ದಾನೆ. ನಾಲ್ಕನೆಯದಕ್ಕೆ ಗೋಡು ಸಾಲಲಿಲ್ಲವಂತೆ.

ನಂಬಬೇಕೋ ಬೇಡವೋ ನನಗೆ ತಿಳಿಯಲಿಲ್ಲ. ಮಾತು ಸರಿಯಾಗಿತ್ತು. ಆದರೆ ಹೂ ಬಿಡುವ ಬಳ್ಳಿಗೂ ಎಲೆ ಬಿಡುವ ಬಳ್ಳಿಗೂ ವ್ಯತ್ಯಾಸ ತಿಳಿಯದಷ್ಟು ದಡ್ಡನಾ ಇವನು, ಅಥವಾ ತಿಳಿದೇ ಮಾಡಿದನಾ? ಅತ್ತೆ ಕೊಟ್ಟ ಕಾಫಿ ಕುಡಿದು ಬಸ್ಸು ಹತ್ತಿದೆ. ಮೇಡಂಗೆ ಹೇಳಿದಾಗ ಅವರು ಕಣ್ಣು ಮುಚ್ಚಿಕೊಂಡು, ಇನ್ನು ಅಗೆಯಬೇಡ, ಉಳಿದದ್ದನ್ನು ನೋಡಿಕೋ ಅಂದರು. ರೆಕಾರ್ಡಿನಲ್ಲಿ ಇದನ್ನು ಬರೆಯದಿದ್ದರೆ ಒಳ್ಳೆಯದು ಅಂತಲೂ ಸೂಚಿಸಿದರು. ನಾನು ಬರೆದೆ. 'ಬಳ್ಳಿ ಇಳಿಸಿದ್ದು' ಅಂತ ಒಂದು ಶೀರ್ಷಿಕೆ ಕೊಟ್ಟು ಅರ್ಧ ಪುಟ. ಯಾರು ಮಾಡಿದ್ದು ಎಂಬುದನ್ನೂ ಬರೆದೆ. ಅವನು ಮಾಡಿದ್ದಕ್ಕೆ ಒಂದು ಸಾಕ್ಷಿ ಇರಲಿ ಅನ್ನುವ ಸಿಟ್ಟು ಅದು, ಪ್ರಾಮಾಣಿಕತೆ ಏನಲ್ಲ.

ಮಾವ ಮುಟ್ಟದ ನಾಲ್ಕನೇ ಬಳ್ಳಿಯಲ್ಲಿ ಮೊಗ್ಗು ಬಲಿಯಿತು. ಇಳಿಸಿದ ಮೂರರ ತುದಿಗಳಲ್ಲೂ ಎರಡು ವಾರ ಬಿಟ್ಟು ಪಕ್ಕದ ಕವಲುಗಳು ಬಂದವು, ಅಲ್ಲಲ್ಲಿ ಹೂವು ಬಂತು. ಹಾಪ್ಸ್ ಹೂವು ನೋಡಲು ಹಸಿರು ಕಾಗದ ಮಡಚಿ ಮಾಡಿದ ಪುಟ್ಟ ಗೊಂಚಲು, ಹೆಬ್ಬೆರಳ ಗಾತ್ರ. ಕೊಯ್ಲಿಗೆ ಬಂದಿದೆಯಾ ಅಂತ ತಿಳಿಯಲು ಬೆರಳಲ್ಲಿ ಒತ್ತಬೇಕು. ಎಳೆಯದಾದರೆ ಒದ್ದೆ ಬಟ್ಟೆಯ ಹಾಗೆ ಒತ್ತಿದಲ್ಲೇ ಉಳಿಯುತ್ತದೆ. ಬಲಿತದ್ದು ಹಗುರಾಗಿ, ಸರಸರ ಅಂದು, ಮತ್ತೆ ಮೊದಲಿನ ಆಕಾರಕ್ಕೆ ಬರುತ್ತದೆ. ಬಿಡಿಸಿದರೆ ಒಳಗೆ ಅರಿಸಿನದಂಥ ಪುಡಿ, ಬೆರಳಿಗೆ ಅಂಟುತ್ತದೆ. ನಿಂಬೆ ಸಿಪ್ಪೆ, ಹಸಿ ಹುಲ್ಲು, ಅದರ ಹಿಂದೆ ಕಹಿ. ಆ ವಾಸನೆ ಮೂರು ಸಲ ಸೋಪು ಹಾಕಿದರೂ ಹೋಗಲಿಲ್ಲ.

ಜೂನ್ ಕೊನೆಗೆ ನಾನೂ ಅಮ್ಮನೂ ಕೊಯ್ದೆವು. ಅಮ್ಮ ಸೀರೆಯ ಮೇಲೆ ಅಪ್ಪನ ತುಂಬುತೋಳಿನ ಅಂಗಿ ಹಾಕಿಕೊಂಡು ಮಲ್ಲಿಗೆ ಬಿಡಿಸಿದಷ್ಟು ನಾಜೂಕಾಗಿ ಬಿಡಿಸಿದಳು. ರಾಗಿ ಜರಡಿಯ ಮೇಲೆ ತೆಳ್ಳಗೆ ಹರಡಿ, ಬಿಸಿಲಿಗೆ ಇಡದೆ, ಫ್ಯಾನಿನ ಕೆಳಗೆ ಮೂರು ದಿನ ಒಣಗಿಸಿದೆವು. ಒಣಗಿದ ಮೇಲೆ ಒಂದು ಹಾರ್ಲಿಕ್ಸ್ ಬಾಟಲಿಯೂ ತುಂಬಲಿಲ್ಲ. ಆರು ತಿಂಗಳಿಗೆ ಅಷ್ಟು. ಬೀರಿನದು ಅಂತ ಅಮ್ಮನಿಗೆ ಅವತ್ತು ಹೇಳಿದೆ. ಅವಳು ಬಾಟಲಿ ಮೂಸಿ, ಮೊದಲೇ ಗೊತ್ತಿತ್ತು ಅಂದಳು. ಗುಮಾಸ್ತರ ಹೆಂಡತಿ ಹೇಳಿದ್ದರಂತೆ.

ವೈವಾದ ಹಿಂದಿನ ದಿನ ಸಂಜೆ ನನಗೆ ತಡೆಯಲಾಗಲಿಲ್ಲ. ಮಾವ ಹೇಳಿದ್ದು ನಿಜವೋ ಸುಳ್ಳೋ ನೋಡಿಬಿಡೋಣ ಅಂತ ಒಂದು ಬಳ್ಳಿಯ ಬುಡವನ್ನು ಕೈಯಲ್ಲೇ ಕೆದಕಿದೆ. ಗೋಡಿನೊಳಗಿಂದ ಮಾರುದ್ದದ ಕಾಂಡ ಬಂತು. ಗೆಣ್ಣುಗೆಣ್ಣಿಗೂ ಬಿಳಿ ಬೇರು, ಕುಂಚದ ಹಾಗೆ. ಅದನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ. ಯಾಕೆ ಅಂತ ನನಗೂ ಗೊತ್ತಿರಲಿಲ್ಲ.

ಹೊರಗಿನಿಂದ ಬಂದ ಪರೀಕ್ಷಕರು ಬಾಟಲಿಯಿಂದ ಒಂದು ಹೂ ತೆಗೆದು ಅಂಗೈಯಲ್ಲಿ ತಿಕ್ಕಿ ಮೂಸಿದರು. ಎಲ್ಲಿಂದ ತರಿಸಿದಿರಿ ಅಂತ ಕೇಳಿದರು. ಬೆಳೆದೆ ಅಂದೆ. ಅವರು ನನ್ನ ರೆಕಾರ್ಡನ್ನು ಮುಚ್ಚಿ ಪಕ್ಕಕ್ಕಿಟ್ಟರು.

"ನೋಡಮ್ಮ, ಇದು ಆನ್‌ಲೈನಲ್ಲಿ ಪ್ಯಾಕೆಟ್ ಸಿಗುತ್ತೆ. ತುಮಕೂರಲ್ಲಿ ಇದು ಹೂ ಬಿಡಲ್ಲ."

ಮೇಡಂ ಕಿಟಕಿ ಕಡೆ ನೋಡುತ್ತಿದ್ದರು. ಫೋಟೊಗಳಿವೆ ಅಂದೆ. ಫೋಟೊನೂ ಸಿಗುತ್ತೆ ಅಂದರು. ತೋಳಿನ ಗೀರು ತೋರಿಸಿದೆ. ಗುಲಾಬಿ ಗಿಡವೂ ಪರಚುತ್ತೆ ಅಂದರು. ಅವರ ಮೇಲೆ ನನಗೆ ಕೋಪ ಬರಲಿಲ್ಲ, ಅವರ ಜಾಗದಲ್ಲಿದ್ದರೆ ನಾನೂ ಹಾಗೇ ಕೇಳುತ್ತಿದ್ದೆ. ಚೀಲದಿಂದ ಗೋಣಿ ತೆಗೆದು ಮೇಜಿನ ಮೇಲೆ ಬಿಚ್ಚಿದೆ. ಕೆರೆಗೋಡು ಅವರ ಹಾಜರಿ ಪಟ್ಟಿಯ ಮೇಲೆ ಉದುರಿತು.

ಅವರು ಕನ್ನಡಕ ಮೇಲೆತ್ತಿ ಬಗ್ಗಿದರು. ಒಂದು ತುದಿಯಲ್ಲಿ ಹಾಪ್ಸ್ ಎಲೆ, ಮುಂದಕ್ಕೆ ಗೆಣ್ಣು, ಬೇರು, ಗೆಣ್ಣು, ಬೇರು. ಬೆರಳಿಟ್ಟು ಒಂದೊಂದೇ ಎಣಿಸಿದರು. ಒಂದು ಬೇರನ್ನು ಉಗುರಿನಿಂದ ಗೀರಿ ಹಸಿಯಿದೆಯಾ ನೋಡಿದರು. ಆಮೇಲೆ ಮುಚ್ಚಿಟ್ಟಿದ್ದ ರೆಕಾರ್ಡನ್ನು ಮತ್ತೆ ತೆರೆದು 'ಬಳ್ಳಿ ಇಳಿಸಿದ್ದು' ಪುಟವನ್ನು ಪೂರ್ತಿ ಓದಿದರು. ನಿಜವಾಗ್ಲೂ ನಿಮ್ಮ ಮಾವನೇನಮ್ಮ ಇದನ್ನ ಮಾಡಿದ್ದು ಅಂತ ಕೇಳಿದರು. ಹೌದು, ನನ್ನ ಕೇಳದೆ ಮಾಡಿದ್ದು ಅಂದೆ. ಆಗ ಅವರು ನಕ್ಕರು. ಮುಂದಿನ ಅರ್ಧ ಗಂಟೆ ಕೇಳಿದ್ದೆಲ್ಲ ಎಲೆತೋಟದ ಬಗ್ಗೆ. ನಾನು ಹುಟ್ಟಿದಾಗಿನಿಂದ ನೋಡಿದ್ದು, ಉತ್ತರ ಹುಡುಕಬೇಕಾಗಲಿಲ್ಲ.

ಸರ್ಟಿಫಿಕೇಟ್ ಬಂದಿದೆ ಅಂತ ಕಾಲೇಜಿನಿಂದ ಫೋನ್ ಬಂದ ದಿನ ಮಾವ ನಮ್ಮ ಮನೆಯಲ್ಲೇ ಇದ್ದ. ಇನ್ನೊಂದು ಚೀಲ ಗೋಡು ತಂದಿದ್ದ. ಈ ಸಲ ಕೇಳಿ ತಂದಿದ್ದ. ನಾನೂ ಬರ್ತೀನಿ ಅಂತ ಹೊರಟ. ವೈವಾದಲ್ಲಿ ಪರೀಕ್ಷಕರು ಅಂದದ್ದನ್ನೆಲ್ಲ ದಾರಿಯಲ್ಲಿ ಅವನಿಗೆ ಹೇಳಿದೆ. ಕಚೇರಿಯ ಕಿಟಕಿಯಲ್ಲಿ ಎರಡು ಕಡೆ ನನ್ನ ಸಹಿ ತೆಗೆದುಕೊಂಡು, ಸಿಬ್ಬಂದಿ ಸರ್ಟಿಫಿಕೇಟನ್ನು ಹೊರಗೆ ದಾಟಿಸಿದರು. ಮಾವ ಹೊರಗೆ ನಲ್ಲಿಯ ಹತ್ತಿರ ನಿಂತಿದ್ದ. ನಾನು ಬರುವುದನ್ನು ನೋಡಿ ಕೈ ತೊಳೆದು, ಟವೆಲಿನಲ್ಲಿ ಎರಡು ಸಲ ಒರೆಸಿಕೊಂಡು, ಕೈ ಚಾಚಿದ. ಓದಲು ಬಾರದ ಮನುಷ್ಯ ಅದನ್ನು ಬಿಸಿಲಿಗೆ ಹಿಡಿದು ನೋಡಿದ. ಹಿಂದೆ ತಿರುಗಿಸಿದ. ಮುದ್ರೆಯನ್ನು ಹೆಬ್ಬೆರಳಲ್ಲಿ ಸವರಿದ.

"ಇದೂ ಆನ್‌ಲೈನಾಗೆ ಸಿಕ್ತದೇನ್ಲೇ?"

ಸಿಗಲ್ಲ ಅಂದೆ. ಮನೆಗೆ ಹೋಗುವ ಮೊದಲು ಇದನ್ನು ಲ್ಯಾಮಿನೇಷನ್ ಮಾಡಿಸಿಬಿಡೋಣ ಅಂದೆ. ಮಾವ ಸರ್ಟಿಫಿಕೇಟನ್ನು ನನ್ನ ಕೈಗೆ ವಾಪಸ್ಸು ಕೊಡದೆ ತನ್ನ ಎದೆಗೆ ಹಿಡಿದುಕೊಂಡ.

"ಪ್ಲಾಸ್ಟಿಕ್ ಗೀಸ್ಟಿಕ್ ಹಾಕಿಸ್ಬ್ಯಾಡ ಕಣವ್ವ. ಬರಲ್ಲ ಅಂದೋನು ನನ್ನಂತೋನು ಇನ್ನೊಬ್ಬ ಇರ್ತಾನೆ. ಅವ್ನೂ ಮುಟ್ಟಿ ನೋಡ್ಲಿ."